ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಕಾಳು ಇಟ್ಟುಕೊಂಡು ಕಲಿಯುವುದು ಹೇಗೆ

ಸೋಡಿಯಂ-ಪೊಟ್ಯಾಸಿಯಂ ಪಂಪ್ ಅಂದರೆ ಜೀವಕೋಶದ ಪೊರೆಯಲ್ಲಿ ಕೂತಿರುವ ಒಂದು ಪ್ರೋಟೀನ್. ಅದರ ಕೆಲಸ: ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಪಿಯುಸಿಯಲ್ಲಿ ಇದನ್ನು ಬಾಯಿಪಾಠ ಮಾಡಿರುತ್ತೇವೆ, ಅಲ್ವಾ? ಆದರೆ ಹೊರಗೆ ಹಾಕಿದ ಸೋಡಿಯಂ ಅದೇ ದಾರಿಯಲ್ಲಿ ಯಾಕೆ ವಾಪಸ್ ನುಗ್ಗಲ್ಲ ಅಂತ ಯಾರಾದರೂ ಕೇಳಿದರೆ ತಡವರಿಸುತ್ತೇವೆ. ನನಗೂ ಇದು ಸರಿಯಾಗಿ ತಲೆಗೆ ಹೋಗಿದ್ದು ಅಡುಗೆಮನೆಯಿಂದ ಕಾಳು ತಂದು ಮೇಜಿನ ಮೇಲೆ ಆಡಿಸಿ ನೋಡಿದ ಮೇಲೆ.

ಒಂದು ಮುಷ್ಟಿ ಹೆಸರುಕಾಳು, ಒಂದು ಮುಷ್ಟಿ ಕಡಲೆಕಾಳು, ಒಂದು ದಾರ, ಐದಾರು ಬೆಂಕಿಕಡ್ಡಿ ತನ್ನಿ. ಜೊತೆಗೆ ಇನ್ನೊಬ್ಬರಿದ್ದರೆ ಒಳ್ಳೇದು. ದಾರವನ್ನು ಮೇಜಿನ ಮೇಲೆ ಅಡ್ಡ ಹಾಕಿ, ಅದು ಕೋಶಪೊರೆ. ನೀವು ಕೂತಿರುವ ಕಡೆ ಜೀವಕೋಶದ ಒಳಗು. ಹೆಸರುಕಾಳು ಸೋಡಿಯಂ, ಕಡಲೆ ಪೊಟ್ಯಾಸಿಯಂ. ಸುಮ್ನೆ ಆರಿಸಿದ್ದಲ್ಲ, ಸೋಡಿಯಂ ಅಯಾನು (ಆವೇಶ ಹೊತ್ತ ಕಣ) ನಿಜವಾಗಿಯೂ ಚಿಕ್ಕದು. ನಮ್ಮ ರಕ್ತದಲ್ಲಿ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಕೋಶದೊಳಗೆ 10ರಿಂದ 15. ಪೊಟ್ಯಾಸಿಯಂ ಉಲ್ಟಾ: ಒಳಗೆ ಸುಮಾರು 140, ಹೊರಗೆ 4ರ ಆಸುಪಾಸು. ಹಾಗಾಗಿ ಹೊರಗೆ 28 ಹೆಸರುಕಾಳು, ಒಳಗೆ 3. ಒಳಗೆ 28 ಕಡಲೆ, ಹೊರಗೆ 1.

ಈಗ ಮೊದಲು ಸೋರಿಕೆ ಮಾಡಿ. ಮೂರು ಹೆಸರುಕಾಳು ಒಳಗೆ ತಳ್ಳಿ, ಎರಡು ಕಡಲೆ ಹೊರಗೆ ತಳ್ಳಿ. ಇದಕ್ಕೆ ಕಡ್ಡಿ, ಅಂದರೆ ಶಕ್ತಿ, ಖರ್ಚಿಲ್ಲ, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿಯೇ ಆಗುತ್ತದೆ, ನೀವು ನಿದ್ದೆ ಮಾಡುವಾಗಲೂ ಆಗುತ್ತಿರುತ್ತದೆ. ಇದನ್ನು ವಾಪಸ್ ಹಾಕುವುದೇ ಪಂಪಿನ ಕೆಲಸ.

ನಿಮ್ಮ ಎರಡು ಅಂಗೈಗಳೇ ಪಂಪ್. ದಾರದ ಮೇಲೆ ಎದುರುಬದುರು ಹಿಡಿಯಿರಿ. ಬೆರಳ ತುದಿ ಹೊರಗಿನ ಕಡೆ, ಮಣಿಕಟ್ಟು ನಿಮ್ಮ ಕಡೆ. ಬೆರಳು ಅಂಟಿಸಿ, ಮಣಿಕಟ್ಟು ಬಿಡಿಸಿ. ಒಳಬಾಗಿಲು ತೆರೆದಿದೆ. ಜೊತೆಯಲ್ಲಿರುವವರು ಒಳಗಿನಿಂದ ಮೂರು ಹೆಸರುಕಾಳು ಅಂಗೈ ನಡುವೆ ಇಡಲಿ. ಈಗ ಒಂದು ಬೆಂಕಿಕಡ್ಡಿ ಮುರಿಯಿರಿ, ಅದು ಎಟಿಪಿ, ಜೀವಕೋಶಕ್ಕೆ ಶಕ್ತಿ ಕೊಡುವ ಅಣು. ಅದರ ಒಂದು ತುಣುಕು, ಫಾಸ್ಫೇಟ್, ಪಂಪಿಗೇ ಅಂಟಿಕೊಳ್ಳುತ್ತದೆ, ಆಸ್ಪಾರ್ಟೇಟ್ ಅನ್ನುವ ಒಂದು ಅಮೈನೋ ಆಮ್ಲದ ಮೇಲೆ. ಅಂಟಿದ ಕೂಡಲೇ ಮಣಿಕಟ್ಟು ಮುಚ್ಚಿ. ಒಂದು ಕ್ಷಣ ನಿಲ್ಲಿ.

ಈ ಕ್ಷಣವೇ ಮುಖ್ಯ. ಎರಡೂ ಬಾಗಿಲು ಮುಚ್ಚಿವೆ, ಸೋಡಿಯಂ ನಡುವೆ ಸಿಕ್ಕಿಕೊಂಡಿದೆ. ಪಂಪಿನ ಎರಡೂ ಬಾಗಿಲು ಒಟ್ಟಿಗೆ ಯಾವತ್ತೂ ತೆರೆಯಬಾರದು. ತೆರೆದರೆ ಅದು ಬರೀ ತೂತು, ಹೊರಗಿನ ಸೋಡಿಯಂ ಎಲ್ಲ ಒಳಗೆ ನುಗ್ಗುತ್ತದೆ.

ಆಮೇಲೆ ಬೆರಳು ಬಿಡಿಸಿ. ಆಕಾರ ಬದಲಾಗಿದ್ದರಿಂದ ನಡುವಿನ ಗೂಡು ಸೋಡಿಯಂಗೆ ಸಡಿಲ, ಪೊಟ್ಯಾಸಿಯಂಗೆ ಹದ. ಹೆಸರುಕಾಳು ಹೊರಗೆ ಉದುರಲಿ, ಎರಡು ಕಡಲೆ ಬಂದು ಕೂರಲಿ. ಬೆರಳು ಮುಚ್ಚಿ. ಫಾಸ್ಫೇಟ್ ಕಳಚಿಕೊಳ್ಳುತ್ತದೆ, ಹೊಸ ಎಟಿಪಿ ಬಂದು ಕೂರುತ್ತದೆ, ಮಣಿಕಟ್ಟು ತೆರೆಯುತ್ತದೆ, ಕಡಲೆ ಒಳಗೆ ಬೀಳುತ್ತದೆ. ಒಂದು ಸುತ್ತು ಮುಗಿಯಿತು. ಐದು ಸುತ್ತು ಮಾಡಿ, ಪ್ರತಿ ಸಲ ಮೊದಲು ಸೋರಿಕೆ, ಆಮೇಲೆ ಪಂಪ್. ಕಡ್ಡಿ ಎಷ್ಟು ಬೇಗ ಖಾಲಿಯಾಗುತ್ತದೆ ಗಮನಿಸಿ. ನಿಜವಾದ ಪಂಪು ಇಂಥ ಸುತ್ತನ್ನು ಸೆಕೆಂಡಿಗೆ ಹತ್ತಾರು ಸಲ ಮಾಡುತ್ತದೆ, ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಇದಕ್ಕೇ ಹೋಗುತ್ತದೆ.

ಚಿತ್ರ ಬರೆಯುವವರಿಗೆ: ಪಂಪಿನಲ್ಲಿ ಎರಡು ಮುಖ್ಯ ತುಂಡು. ದೊಡ್ಡ ತುಂಡು ಆಲ್ಫಾ, ಪೊರೆಯನ್ನು ಹತ್ತು ಸಲ ದಾಟುತ್ತದೆ, ಕೆಲಸವೆಲ್ಲ ಅದರದ್ದೇ. ಕೋಶದೊಳಗೆ ಚಾಚಿದ ಅದರ ತಲೆಯಲ್ಲಿ ಮೂರು ಗಡ್ಡೆ: ಒಂದು ಎಟಿಪಿ ಹಿಡಿಯಲು, ಒಂದು ಫಾಸ್ಫೇಟ್ ಹೊರಲು, ಇನ್ನೊಂದು ತಿರುಗಿ ಬಾಗಿಲು ಎಳೆಯಲು. ಚಿಕ್ಕ ತುಂಡು ಬೀಟಾ ಒಂದೇ ಸಲ ದಾಟುತ್ತದೆ. ಅದಿಲ್ಲದಿದ್ದರೆ ಆಲ್ಫಾ ಪೊರೆಗೆ ಸರಿಯಾಗಿ ತಲುಪುವುದೇ ಇಲ್ಲ.

ಇದನ್ನು ಕಂಡುಹಿಡಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಏಡಿಯ ಕಾಲಿನ ನರಗಳನ್ನು ಅರೆದು ನೋಡಿದಾಗ, ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇದ್ದಾಗ ಎಟಿಪಿ ಜೋರಾಗಿ ಒಡೆಯುವುದು ಅವರಿಗೆ ಕಂಡಿತು. 1957ರಲ್ಲಿ ಅದನ್ನು ಪ್ರಕಟಿಸಿದರು, ನೊಬೆಲ್ ಬಂದಿದ್ದು 1997ರಲ್ಲಿ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಕೋಶದೊಳಗೆ ಋಣ ಆವೇಶ ಇರುವುದು ಪಂಪಿನ ಮೂರು-ಎರಡರ ವ್ಯತ್ಯಾಸದಿಂದ ಅಂತ ಬರೆಯುತ್ತಾರೆ. ಅದರ ನೇರ ಪಾಲು ಕೆಲವೇ ಮಿಲಿವೋಲ್ಟ್. ಪಂಪು ಒಳಗೆ ಕೂಡಿಟ್ಟ ಪೊಟ್ಯಾಸಿಯಂ ಪೊರೆಯಲ್ಲಿರುವ ತನ್ನದೇ ದಾರಿಗಳಿಂದ (ಚಾನಲ್‌ಗಳಿಂದ) ಹೊರಗೆ ಸೋರುತ್ತದಲ್ಲ, ಹೆಚ್ಚಿನದು ಅದರಿಂದ.

ಕೊನೆಗೆ ಪಂಪ್ ನಿಲ್ಲಿಸಿ ನೋಡಿ. ಬೆರಳು ಬಿಡಿಸಿದ ಸ್ಥಿತಿಯಲ್ಲೇ ನಡುವೆ ಒಂದು ಬೆಣೆ ಇಡಿ. ನಮ್ಮ ಹಿತ್ತಲ ಕಣಗಿಲೆಯ ವಿಷ ಮಾಡುವುದು ಇದನ್ನೇ, ಹೊರಗಡೆಯಿಂದ ಬಂದು ಆಲ್ಫಾದೊಳಗೆ ಸಿಕ್ಕಿಕೊಂಡು ಪಂಪನ್ನು ಹಿಡಿದು ನಿಲ್ಲಿಸುತ್ತದೆ, ಹೃದಯದ ಬಡಿತ ಹಾಳಾಗುತ್ತದೆ. ಅದರ ಎಲೆ, ಹೂವು, ಬೀಜ ಎಲ್ಲವೂ ವಿಷವೇ, ಮಕ್ಕಳಿದ್ದ ಮನೆಯಲ್ಲಿ ಜೋಪಾನ. ಇನ್ನೊಂದು ಉದಾಹರಣೆ ರಕ್ತದ ಚೀಲ. ಬ್ಲಡ್ ಬ್ಯಾಂಕಿನ ಫ್ರಿಜ್ಜಿನಲ್ಲಿ 2ರಿಂದ 6 ಡಿಗ್ರಿ ಚಳಿ. ಪಂಪು ಬಹುತೇಕ ನಿಲ್ಲುತ್ತದೆ, ಸೋರಿಕೆ ನಿಲ್ಲಲ್ಲ. ದಿನ ಕಳೆದಂತೆ ಕೆಂಪು ಕಣಗಳಿಂದ ಪೊಟ್ಯಾಸಿಯಂ ಹೊರಗಿನ ದ್ರವಕ್ಕೆ ಬರುತ್ತಾ ಹೋಗುತ್ತದೆ. ಅದಕ್ಕೇ ಹಸುಗೂಸಿಗೆ ಜಾಸ್ತಿ ರಕ್ತ ಕೊಡಬೇಕಾದಾಗ ವೈದ್ಯರು ಆದಷ್ಟು ಹೊಸ ಚೀಲ ಕೇಳುತ್ತಾರೆ. ಅದೇ ಕಣಗಳು ದೇಹದ ಬಿಸಿಗೆ ಬಂದ ಮೇಲೆ ಪಂಪು ಮತ್ತೆ ಶುರುವಾಗಿ, ಕಳೆದುಕೊಂಡ ಪೊಟ್ಯಾಸಿಯಂ ನಿಧಾನವಾಗಿ ಒಳಗೆ ಸೇರುತ್ತದೆ.