ಕಲಬುರಗಿಯ ಬಿಸಿಲು ಮತ್ತು ನನ್ನ ಸಿಲಿಕಾನ್ ಚೂರುಗಳು

ಸಂವೇದಕದಲ್ಲಿ ಹರಿದ ಕರೆಂಟ್ ಬೆಳಿಗ್ಗೆ ಆರಕ್ಕೆ 6 ಮೈಕ್ರೊಆಂಪಿಯರ್, ಮಧ್ಯಾಹ್ನ ಮೂರಕ್ಕೆ 17. ಸಂವೇದಕ ಅದೇ, ವೋಲ್ಟೇಜ್ ಅದೇ, ಶಹಾಬಾದ್ ಕಲ್ಲಿನ ಮೇಜೂ ಅದೇ. ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ, ಕಣಗಳನ್ನು ಗುರುತಿಸುವ ಸಿಲಿಕಾನ್ ಸಂವೇದಕಗಳ ವಿಕಿರಣ ಹಾನಿಯನ್ನು ಅಳೆಯಲು ತೊಡಗಿದ ಮೊದಲ ಏಪ್ರಿಲ್‌ನಲ್ಲಿ ನಾನು ಬರೆದುಕೊಂಡ ಅಂಕಿಗಳಿವು. ಮಧ್ಯಾಹ್ನದ ಅಂಕಿಯನ್ನೇ ನಂಬಿ ಲೆಕ್ಕ ಹಾಕಿದೆ. ಹಾನಿ ಇರಬೇಕಾದುದಕ್ಕಿಂತ ಐದು ಪಟ್ಟಿಗೂ ಮೀರಿ ಬಂತು.

ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ, ಕಣಗಳ ಡಿಕ್ಕಿಯನ್ನು ದಾಖಲಿಸುವ ಸಿಎಂಎಸ್ ಪ್ರಯೋಗದ ಒಡಲಲ್ಲಿ ಸುಮಾರು 200 ಚದರ ಮೀಟರ್ ಸಿಲಿಕಾನ್ ಇದೆ. ಹಾದುಹೋಗುವ ಕಣಗಳು ಹರಳಿನೊಳಗಿನ ಪರಮಾಣುಗಳನ್ನು ಜಾಗ ಬಿಡಿಸುತ್ತವೆ. ಒಂದನ್ನು ಕದಲಿಸಲು ಸುಮಾರು 25 ಎಲೆಕ್ಟ್ರಾನ್ ವೋಲ್ಟ್ ಸಾಕು. ಹಾಗೆ ಉಳಿದ ಗಾಯಗಳ ಮೂಲಕ, ಕಣವೇ ಬರದಿದ್ದಾಗಲೂ ವಿದ್ಯುತ್ ಹರಿಯುತ್ತದೆ. ಇದೇ ಲೀಕೇಜ್ ಕರೆಂಟ್. ಗಾಯ ಹೆಚ್ಚಿದಂತೆ ಇದು ನೇರ ಅನುಪಾತದಲ್ಲಿ ಏರುತ್ತದೆ ಎಂಬುದು ನಮ್ಮಂಥವರ ಪುಣ್ಯ. ನನ್ನ ಸಂವೇದಕ 5 ಮಿಲಿಮೀಟರ್ ಚೌಕ, 300 ಮೈಕ್ರೊಮೀಟರ್ ದಪ್ಪ. ಚದರ ಸೆಂಟಿಮೀಟರಿಗೆ 10¹³ ನ್ಯೂಟ್ರಾನ್ ತಿಂದು ಬಂದಿತ್ತು. 60 ಡಿಗ್ರಿಯಲ್ಲಿ 80 ನಿಮಿಷ ಕಾಯಿಸಿ, 20 ಡಿಗ್ರಿಯಲ್ಲಿ ಅಳೆದರೆ ಅದು 3 ಮೈಕ್ರೊಆಂಪಿಯರ್ ತೋರಿಸಬೇಕು.

ಆದರೆ ಏಳೆಂಟು ಡಿಗ್ರಿ ಏರಿದರೆ ಈ ಕರೆಂಟ್ ಇಮ್ಮಡಿಯಾಗುತ್ತದೆ. ಬೆಳಿಗ್ಗೆ ಕೋಣೆಯಲ್ಲಿ 28 ಡಿಗ್ರಿ ಇತ್ತು, ಮಧ್ಯಾಹ್ನ 41. ಎರಡೂ ಅಂಕಿಗಳನ್ನು 20 ಡಿಗ್ರಿಗೆ ಇಳಿಸಿ ನೋಡಿದಾಗ ಎರಡೂ ಮೂರರ ಬಳಿಯೇ ಬಂದು ನಿಂತವು. ಅಂದು ನನಗಾದ ಸಂತೋಷವನ್ನು ಹೇಗೆ ಹೇಳಲಿ! ಸಂವೇದಕ ಸುಳ್ಳು ಹೇಳಿರಲಿಲ್ಲ. ನಾನು ಕೇಳಬೇಕಾದ ಪ್ರಶ್ನೆಯಲ್ಲಿ ಅರ್ಧವನ್ನೇ ಕೇಳಿದ್ದೆ. ಮರುದಿನವೇ ಸಂವೇದಕವನ್ನು ಅಲ್ಯೂಮಿನಿಯಂ ತುಂಡಿನ ಮೇಲೆ ಕೂರಿಸಿ, ಅದಕ್ಕೆ ಅಂಟಿದಂತೆ ಪಿಟಿ100 ತಾಪಮಾಪಕವನ್ನು ಇಟ್ಟೆ. ಗೋಡೆಯ ಥರ್ಮಾಮೀಟರ್ ಇದಕ್ಕೆ ಸಾಲದು. ಬೆಳಕು ಬಿದ್ದರೂ ಕರೆಂಟ್ ಹರಿಯುವುದರಿಂದ ಎಲ್ಲವನ್ನೂ ಲೋಹದ ಡಬ್ಬಿಯೊಳಗಿಟ್ಟು ಕಪ್ಪು ಬಟ್ಟೆ ಹೊದಿಸಿದೆ.

ಮುಂದಿನ ಪೆಟ್ಟು ಮೇ ತಿಂಗಳಲ್ಲಿ ಬಿತ್ತು. ಹಾನಿಗೊಂಡ ಸಂವೇದಕಗಳನ್ನು ಫ್ರೀಜರ್‌ನಲ್ಲೇ ಇಡಬೇಕು. ಬೆಚ್ಚಗಾದರೆ ಹರಳಿನ ಗಾಯಗಳು ಅಲುಗಾಡಿ ರೂಪ ಬದಲಿಸುತ್ತವೆ, ಹಳೆಯ ಸ್ಥಿತಿ ಮತ್ತೆ ಸಿಗುವುದಿಲ್ಲ. ಒಂದು ಸೋಮವಾರ, ಹಾನಿಗೊಂಡು ಬಂದಿದ್ದ, ಇನ್ನೂ ಕಾಯಿಸದೆ ಇಟ್ಟಿದ್ದ ಇನ್ನೊಂದು ಸಂವೇದಕವನ್ನು ಅಳೆದೆ. ಹಿಂದಿನ ವಾರ 5 ಮೈಕ್ರೊಆಂಪಿಯರ್ ಇದ್ದದ್ದು, 20 ಡಿಗ್ರಿಗೆ ಇಳಿಸಿದ ಮೇಲೂ 3ರ ಆಸುಪಾಸಿಗೆ ಬಂದಿತ್ತು. ಫ್ರೀಜರ್ ಮಾತ್ರ ತಣ್ಣಗೇ ಇತ್ತು. ಪ್ರಯೋಗಾಲಯದ ಸಹಾಯಕರನ್ನು ಕೇಳಿದೆ: "ಕಾಕಾ, ರಜೆಯಲ್ಲಿ ಕರೆಂಟ್ ಹೋಗಿತ್ತೇ?"

"ಶುಕ್ರವಾರ ಸಂಜೆ ಬಿರುಗಾಳಿಗೆ ಹೋಗಿದ್ದು ಬಂದದ್ದು ಭಾನುವಾರ ಮಧ್ಯಾಹ್ನ, ತಮ್ಮಾ. ಫ್ರಿಜ್‌ನಲ್ಲಿ ತಿನ್ನುವ ವಸ್ತು ಏನೂ ಇರಲಿಲ್ಲವಲ್ಲ ಎಂದು ನಾನೂ ಫೋನ್ ಮಾಡಲಿಲ್ಲ."

ಅವರ ತಪ್ಪೇನೂ ಇಲ್ಲ, ನಾನು ಹೇಳಿಯೇ ಇರಲಿಲ್ಲ. ಲೀಕೇಜ್ ಕರೆಂಟ್ ಇಳಿಯಿತೆಂದರೆ ಸಂವೇದಕ ಚೇತರಿಸಿಕೊಂಡಿತು ಎಂದು ಕೆಲವರು ಸಮಾಧಾನ ಹೇಳಿದರು. ನಾನು ಒಪ್ಪುವುದಿಲ್ಲ. ಶಾಖಕ್ಕೆ ಲೀಕೇಜ್ ಇಳಿಯುತ್ತಲೇ ಹೋಗುತ್ತದೆ, ನಿಜ. ಆದರೆ ಸಂವೇದಕದ ಪೂರ್ತಿ ದಪ್ಪ ಕೆಲಸ ಮಾಡಲು ಬೇಕಾದ ವೋಲ್ಟೇಜ್ ಬೇರೆಯೇ ದಾರಿ ಹಿಡಿಯುತ್ತದೆ: ಹೆಚ್ಚು ಹಾನಿಗೊಂಡ ಎನ್-ಮಾದರಿ ಸಿಲಿಕಾನ್‌ನಲ್ಲಿ ಮೊದಲು ಇಳಿದು, ಆಮೇಲೆ ಏರತೊಡಗುತ್ತದೆ. 20 ಡಿಗ್ರಿಯಲ್ಲಿ ವರ್ಷಕ್ಕೂ ಹೆಚ್ಚು ಹಿಡಿಯುವ ಆ ಏರಿಕೆ 40 ಡಿಗ್ರಿಯಲ್ಲಿ ಕೆಲವೇ ವಾರಗಳದ್ದು. ಸರ್ನ್‌ನಲ್ಲಿ ಕಿರಣವಿಲ್ಲದ ತಿಂಗಳುಗಳಲ್ಲೂ ಸಂವೇದಕಗಳನ್ನು ತಣ್ಣಗಿಡಲು ಅಷ್ಟು ಒದ್ದಾಡುವುದು ಇದಕ್ಕಾಗಿಯೇ. ಹಾಗಾಗಿ ಈಗ ಲೀಕೇಜ್ ಕರೆಂಟ್ ಜೊತೆಗೆ ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಅನ್ನೂ ತಪ್ಪದೆ ಅಳೆಯುತ್ತೇನೆ. ವೋಲ್ಟೇಜ್ ಏರಿಸುತ್ತ ಹೋದಂತೆ ಅದು ಇಳಿದು, ಯಾವ ಹಂತದಲ್ಲಿ ಸಮವಾಗುತ್ತದೆಯೋ ಅದೇ ನನಗೆ ಬೇಕಾದ ವೋಲ್ಟೇಜ್.

ಆ ಸಂವೇದಕದ ಪುಟದಲ್ಲಿ "ಸುಮಾರು 40 ಗಂಟೆ, ತಾಪ ತಿಳಿಯದು" ಎಂದು ಬರೆದು ಹೋಲಿಕೆಯಿಂದ ಹೊರಗಿಟ್ಟೆ. ಆರು ತಿಂಗಳ ಕಾಯುವಿಕೆ ಅದರೊಂದಿಗೆ ಹೋಯಿತು. ಬ್ಯಾಟರಿಯಿಂದ ನಡೆಯುವ ತಾಪ ದಾಖಲೆಯ ಸಣ್ಣ ಯಂತ್ರವೊಂದು ಈಗ ಫ್ರೀಜರ್ ಒಳಗಿದೆ. ಅದೂ ಕೈಕೊಟ್ಟರೆ ಇರಲಿ ಎಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ರೂಪಾಯಿ ನಾಣ್ಯ ಇಟ್ಟಿದ್ದೇನೆ. ಮಂಜುಗಡ್ಡೆ ಕರಗಿದ್ದರೆ ನಾಣ್ಯ ತಳ ಸೇರಿರುತ್ತದೆ. ರಜೆ ಮುಗಿದು ಬಾಗಿಲು ತೆರೆದಾಗ ಕಾಕಾ ಮೊದಲು ನೋಡುವುದು ಅದನ್ನೇ.