ಗಗನಸಖಿ ಸಂದರ್ಶನ: ಎರಡನೇ ಸಲಕ್ಕೆ ನಾನು ತಯಾರಾದ ರೀತಿ

ಮೊದಲ ಸಂದರ್ಶನದಲ್ಲಿ ನನ್ನ ಕೈಗೆ ಒಂದು ಕಾರ್ಡ್ ಕೊಟ್ಟರು. ವಿಮಾನದಲ್ಲಿ ಹೇಳುವ ಪ್ರಕಟಣೆ, ಇಂಗ್ಲಿಷಿನಲ್ಲಿ ಏಳೆಂಟು ಸಾಲು. ಓದಿದೆ. 'ಥ್ಯಾಂಕ್ಯೂ' ಅಂದರು. ಅರ್ಧ ಗಂಟೆ ಬಿಟ್ಟು ಮುಂದಿನ ಸುತ್ತಿಗೆ ಹೋದವರ ನಂಬರ್ ಕೂಗಿದರು. ನನ್ನದು ಇರಲಿಲ್ಲ. ಏರ್‌ಪೋರ್ಟ್ ರಸ್ತೆಯಿಂದ ಮೆಜೆಸ್ಟಿಕ್ ಬಸ್ ಹತ್ತಿದವಳು ಹೆಬ್ಬಾಳ ಬರುವವರೆಗೂ ಅತ್ತಿದ್ದೇನೆ.

ಯಾಕೆ ಬಿಟ್ಟರು ಅಂತ ಯಾರೂ ಹೇಳಲಿಲ್ಲ. ಮನೆಗೆ ಬಂದು ಅದೇ ಥರದ ಸಾಲುಗಳನ್ನು ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಆಗ ಗೊತ್ತಾಯಿತು. ನನ್ನ ಬಾಯಲ್ಲಿ 'ಎಮರ್ಜೆನ್ಸಿ ಎಕ್ಸಿಟ್' ಅನ್ನುವುದು 'ಯೆಮರ್ಜೆನ್ಸಿ ಯೆಕ್ಸಿಟ್' ಆಗಿತ್ತು. 'ಓಪನ್' ಹೋಗಿ 'ವೋಪನ್' ಆಗಿತ್ತು. ನಾವು ಎಲೆಗೆ ಯೆಲೆ, ಒಲೆಗೆ ವೊಲೆ ಅಂತಲೇ ಅಲ್ವಾ ಆಡುವುದು? ಅದು ತಪ್ಪಲ್ಲ, ನಮ್ಮ ನಾಲಿಗೆಯ ರೂಢಿ. ಆದರೆ ಹೊಗೆ ತುಂಬಿದ ವಿಮಾನದಲ್ಲಿ ನಾನು ಕೂಗಿದ ಮಾತು ಎಲ್ಲಿಯ ಜನಕ್ಕಾದರೂ ಒಂದೇ ಸಲಕ್ಕೆ ತಿಳಿಯಬೇಕು. ಅದಕ್ಕಿಂತ ದೊಡ್ಡ ತಪ್ಪು ಅಂದರೆ ಭಯಕ್ಕೆ ಎಲ್ಲ ಸಾಲನ್ನೂ ಒಂದೇ ಉಸಿರಿಗೆ ಓದಿ ಮುಗಿಸಿದ್ದೆ.

ಮುಂದಿನ ಎರಡೂವರೆ ತಿಂಗಳು ರಾಜಾಜಿನಗರದ ನಮ್ಮ ಮನೆ ಟೆರೇಸೇ ನನ್ನ ಶಾಲೆ. ಬೆಳಗ್ಗೆ ಆರಕ್ಕೆ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಅಮ್ಮ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅದೇ ಒಳ್ಳೆಯದಾಯಿತು. ಅರ್ಥದ ಕಡೆ ಗಮನ ಹೋಗದೆ ಅವರು ಬರೀ ಸದ್ದು ಕೇಳುತ್ತಿದ್ದರು. 'ಕೊನೇ ಪದ ನುಂಗಿದೆ ನೋಡು' ಅನ್ನುತ್ತಿದ್ದರು. ಹೌದು, ಪ್ರತಿ ಸಾಲಿನ ಕೊನೆಯಲ್ಲಿ ನನ್ನ ದನಿ ಇಳಿದುಹೋಗುತ್ತಿತ್ತು. ನಾನು 'ಎ' ಅನ್ನುವ ಮೊದಲು ಬಾಯಿ ಸ್ವಲ್ಪ ತೆರೆದು, ಒಂದು ಕ್ಷಣ ನಿಂತು, ಆಮೇಲೆ ಸದ್ದು ಬಿಡಲು ಕಲಿತೆ. ಹಾಗೆ ಮಾಡಿದರೆ ಆ 'ಯ' ಒಳಗೆ ನುಸುಳುವುದಿಲ್ಲ. ಹಿಂದಿಗೂ ಇದೇ ಪಾಡು. ಕನ್ನಡದಲ್ಲಿ ವಿಮಾನವೂ ಬರುತ್ತದೆ, ರೈಲೂ ಬರುತ್ತದೆ. ಹಿಂದಿಯಲ್ಲಿ ಒಂದು 'ಆತಾ ಹೈ', ಇನ್ನೊಂದು 'ಆತೀ ಹೈ'. ದಿನಾ ಅರ್ಧ ಗಂಟೆ ಹಿಂದಿ ವಾರ್ತೆ ಕೇಳಿ, ಕೇಳಿದ್ದನ್ನು ಜೋರಾಗಿ ಹೇಳಿಕೊಂಡೆ.

ಈ ನಡುವೆ ಒಂದು ತರಬೇತಿ ಸಂಸ್ಥೆಗೂ ಹೋಗಿ ಬಂದೆ. ಲಕ್ಷದ ಮೇಲೆ ಫೀಸು, ಕೆಲಸ ಗ್ಯಾರಂಟಿ ಅಂದರು. ಆ ಗ್ಯಾರಂಟಿಯನ್ನು ಕಾಗದದಲ್ಲಿ ಬರೆದು ಕೊಡಿ ಅಂದಾಗ ಮಾತು ಬದಲಾಯಿತು. ಅಪ್ಪ ಆಗಲೇ ಚೀಟಿ ಎತ್ತಲು ತಯಾರಾಗಿದ್ದರು. ನಾನೇ ಬೇಡ ಅಂದೆ. ಈ ಕೆಲಸಕ್ಕೆ ಅರ್ಜಿ ಹಾಕಲು ಪಿಯುಸಿ ಪಾಸಾಗಿದ್ದರೆ ಸಾಕು, ಕೋರ್ಸ್ ಕಡ್ಡಾಯವಲ್ಲ. ಆಯ್ಕೆಯಾದ ಮೇಲೆ ಕಂಪನಿಯೇ ತಿಂಗಳುಗಟ್ಟಲೆ ತರಬೇತಿ ಕೊಡುತ್ತದೆ. ಸಂದರ್ಶನಕ್ಕೆ ದುಡ್ಡು ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ಇಟ್ಟುಬಿಡಿ.

ಅಳತೆಗಳನ್ನು ಮನೆಯಲ್ಲೇ ನೋಡಿಕೊಂಡು ಹೋಗಿ. ನಮ್ಮ ದೇಶದ ಹಲವು ಕಂಪನಿಗಳು ಹುಡುಗಿಯರಿಗೆ 155 ಸೆಂ.ಮೀ. ಎತ್ತರ ಕೇಳುತ್ತವೆ. ಕೆಲವು ಕಡೆ ತುದಿಗಾಲಲ್ಲಿ ನಿಂತು 212 ಸೆಂ.ಮೀ. ಎತ್ತರದ ಗುರುತು ಮುಟ್ಟಬೇಕು. ಸುಮ್ನೆ ಇಟ್ಟ ನಿಯಮವಲ್ಲ ಅದು. ಸೀಟಿನ ಮೇಲಿನ ಗೂಡುಗಳಲ್ಲಿ ತುರ್ತು ಸಾಮಾನು ಇರುತ್ತದೆ, ಅದು ಕೈಗೆ ಸಿಗಬೇಕು. ನಾನು ಅಡುಗೆಮನೆ ಗೋಡೆಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ದಿನಾ ಮುಟ್ಟುತ್ತಿದ್ದೆ. ಮೊದಲ ವಾರ ಒಂದು ಬೆರಳಷ್ಟು ಕಡಿಮೆ. ಭುಜ ಸಡಿಲ ಬಿಟ್ಟು ಪಕ್ಕೆ ಹಿಗ್ಗಿಸುವ ವ್ಯಾಯಾಮ ಮಾಡಿದ ಮೇಲೆ ಬೆರಳ ತುದಿ ತಾಗಿತು. ಯೂನಿಫಾರ್ಮ್ ಹಾಕಿದಾಗ ಕಾಣುವ ಟ್ಯಾಟೂ ಇದ್ದರೆ ಬಹಳ ಕಡೆ ಅಲ್ಲಿಗೇ ಮುಗಿಯಿತು. ಬಟ್ಟೆಗೆ ಜಾಸ್ತಿ ಖರ್ಚು ಬೇಡ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೊಣಕಾಲು ಮುಚ್ಚುವ ಕಪ್ಪು ಸ್ಕರ್ಟು, ಕಚ್ಚದ ಶೂ. ತುರುಬು ಮಾತ್ರ ಮೊದಲೇ ಹತ್ತಾರು ಸಲ ಕಟ್ಟಿ ನೋಡಿ. ನನ್ನ ಕೂದಲು ದಪ್ಪ. ಎಣ್ಣೆ ಹಚ್ಚಿದರೆ ಪಿನ್ ಜಾರುತ್ತದೆ, ಒಣಗಿದ್ದರೆ ಹಾರಾಡುತ್ತದೆ. ಹಿಂದಿನ ದಿನ ತೊಳೆದು, ಸ್ವಲ್ಪ ಜೆಲ್ ಹಚ್ಚಿ, ಬಲೆ ಹಾಕಿದರೆ ಸಂಜೆವರೆಗೂ ನಿಂತಿತು.

ನಿಜವಾದ ತಯಾರಿ ಶುರುವಾಗಿದ್ದು ಈ ಕೆಲಸ ಏನು ಅಂತ ಅರ್ಥವಾದ ಮೇಲೆ. ಕಾಫಿ, ಉಪ್ಪಿಟ್ಟು ಕೊಡುವವರು ಅಂತ ನಮ್ಮ ನೆಂಟರೆಲ್ಲ ಅಂದುಕೊಂಡಿದ್ದರು. ನಾನೂ ಸ್ವಲ್ಪ ಹಾಗೇ ಅಂದುಕೊಂಡಿದ್ದೆ. ಪ್ರತಿ 50 ಸೀಟಿಗೆ ಒಬ್ಬರು ಕ್ಯಾಬಿನ್ ಸಿಬ್ಬಂದಿ ಇರಲೇಬೇಕು ಅನ್ನುವ ನಿಯಮ ಊಟ ಬಡಿಸಲಿಕ್ಕಲ್ಲ. 186 ಸೀಟಿನ ಏರ್‌ಬಸ್‌ನಲ್ಲಿ ನಾಲ್ವರು ಇರುವುದು ಅದಕ್ಕೇ. ಅರ್ಧ ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ತುಂಬಿದ ವಿಮಾನ ಖಾಲಿಯಾಗುತ್ತದೆ ಅಂತ ತಯಾರಿಸುವವರು ತೋರಿಸಿಕೊಡಬೇಕು. 2024ರ ಜನವರಿ 2ರಂದು ಟೋಕಿಯೋದ ಹನೇದಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುವಾಗಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಒಳಗಿದ್ದ 379 ಜನರೂ ಬದುಕಿದರು. ಮೈಕ್ ಕೆಟ್ಟಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿಯುವಂತೆ ಕೂಗಿ ಜನರನ್ನು ಇಳಿಸಿದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದನಿ ಅನ್ನುವುದು ಇಷ್ಟು ದೊಡ್ಡ ಸಾಮಾನು ಅಂತ ಅನ್ನಿಸಿತು.

ಎರಡನೇ ಸಲ ಹೋದಾಗ ಗುಂಪು ಚರ್ಚೆಯಲ್ಲಿ ನಾನು ಮಾತಾಡಿದ್ದು ಎರಡೇ ಸಲ. ಅಷ್ಟು ಸಾಕಾಯಿತು. ಬೇರೆಯವರು ಮಾತಾಡುವಾಗ ನೀವು ಹೇಗೆ ಕೇಳುತ್ತೀರಿ ಅಂತ ನೋಡುತ್ತಾರೆ. ಕಾಯುವ ಸಾಲಿನಲ್ಲೂ ನೋಡುತ್ತಾರೆ.

ಕೊನೆಯ ಸುತ್ತಿನಲ್ಲಿ ಇಬ್ಬರು ಕೂತಿದ್ದರು. ಕಷ್ಟದ ಗ್ರಾಹಕರನ್ನು ಸಂಭಾಳಿಸಿದ ಒಂದು ಸಂದರ್ಭ ಹೇಳಿ ಅಂದರು. ಮೊದಲ ಸಲದ ತಯಾರಿಯಲ್ಲಿ ಇದಕ್ಕೆ ಎಲ್ಲಿಂದಲೋ ಉರು ಹೊಡೆದ ಉತ್ತರ ಇಟ್ಟುಕೊಂಡಿದ್ದೆ. ಈಗ ನನ್ನದೇ ಹೇಳಿದೆ. ಮಲ್ಲೇಶ್ವರದ ಒಂದು ಸೀರೆ ಅಂಗಡಿಯಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದ್ದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ, ಮಹಡಿ ಮೇಲೆ ಕಾಲಿಡಲು ಜಾಗವಿಲ್ಲ. ಕರೆಂಟ್ ಹೋಯಿತು, ಯುಪಿಎಸ್‌ನಿಂದ ಹೊಗೆ ಬಂತು. ಇರುವುದು ಒಂದೇ ಕಿರಿದಾದ ಮೆಟ್ಟಿಲು. ಜನ ಇಳಿಯುತ್ತಿಲ್ಲ. ಒಬ್ಬರು ಆರಿಸಿಟ್ಟ ಸೀರೆ ಬಿಡುತ್ತಿಲ್ಲ, ಒಬ್ಬರು ಚಪ್ಪಲಿ ಹುಡುಕುತ್ತಿದ್ದಾರೆ. ನಾನು ಮೆಟ್ಟಿಲ ತಲೆಯಲ್ಲಿ ನಿಂತು ಫೋನಿನ ಟಾರ್ಚ್ ಹಾಕಿ ಕೂಗಿದೆ. ವಯಸ್ಸಾದವರೊಬ್ಬರನ್ನು ಕೈ ಹಿಡಿದು ಇಳಿಸಿ, ಮತ್ತೆ ಮೇಲೆ ಹೋಗಿ ಟ್ರಯಲ್ ರೂಮಿನಲ್ಲಿ ಯಾರಾದರೂ ಉಳಿದಿದ್ದಾರಾ ಅಂತ ನೋಡಿ ಬಂದೆ.

'ಏನಂತ ಕೂಗಿದಿರಿ?' ಅಂದರು ಬಲಗಡೆ ಕೂತಿದ್ದವರು. ಇಂಗ್ಲಿಷಿನಲ್ಲಿ ಹೇಳತೊಡಗಿದೆ. 'ಅಲ್ಲ, ಅವತ್ತು ಕೂಗಿದ ಹಾಗೇ ಹೇಳಿ' ಅಂದರು.

ಎದ್ದು ನಿಂತೆ. 'ಸೀರೆ ಬಿಡಿ! ಬ್ಯಾಗ್ ಬಿಡಿ! ಗೋಡೆ ಹಿಡ್ಕೊಂಡು ಇಳೀರಿ!' ಹೋಟೆಲಿನ ಆ ಕೋಣೆ ತುಂಬಿತು ನನ್ನ ದನಿ. ಕೊನೇ ಪದ ನುಂಗಲಿಲ್ಲ. ಅವರು ಪೆನ್ನು ಎತ್ತಿ ಏನೋ ಬರೆದುಕೊಂಡರು. ಮೆಡಿಕಲ್ ಟೆಸ್ಟಿಗೆ ಯಾವಾಗ ಬರಲು ಆಗುತ್ತದೆ, ಪಾಸ್‌ಪೋರ್ಟ್ ಇದೆಯಾ ಅಂತ ಕೇಳಿದರು.

ಈಗ ಪ್ರತಿ ಟೇಕಾಫ್‌ಗೆ ಮುಂಚೆ ಸಿಬ್ಬಂದಿಯ ಮಡಚುವ ಸೀಟು, ಅಂದರೆ ಜಂಪ್ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂತು ಅರ್ಧ ನಿಮಿಷ ಮನಸ್ಸಿನಲ್ಲೇ ಓದಿಕೊಳ್ಳುತ್ತೇವೆ. ಯಾವ ಬಾಗಿಲು ನನ್ನದು, ಹೊರಗೆ ಏನು ನೋಡಬೇಕು, ಹಿಡಿ ಯಾವ ಕಡೆ ತಿರುಗುತ್ತದೆ, ಏನು ಕೂಗಬೇಕು. ದೇವನಹಳ್ಳಿಯ ರನ್‌ವೇ ಹಿಂದೆ ಓಡುವಾಗ ನನ್ನ ತುಟಿ ಸದ್ದಿಲ್ಲದೆ ಆಡುತ್ತಿರುತ್ತದೆ.