ಕ್ರಿ.ಪೂ. 664ರಿಂದ ಹಿಂದಕ್ಕೆ: ಕೆನೆತ್ ಕಿಚನ್ ಅವರ ಈಜಿಪ್ಟ್ ಲೆಕ್ಕವನ್ನು ನಾನೇ ಕೂಡಿಸಿ ನೋಡಿದ್ದು

ಪ್ರಾಚೀನ ಈಜಿಪ್ಟಿನ ಬಗ್ಗೆ ಯಾವ ಪುಸ್ತಕ ತೆಗೆದರೂ ಫೇರೋ, ಅಂದರೆ ಅಲ್ಲಿಯ ರಾಜ, ಅವನ ಹೆಸರಿನ ಪಕ್ಕ ಇಸವಿ ಇರುತ್ತದೆ. ಒಂದನೇ ಶೋಶೆಂಕ್, ಕ್ರಿ.ಪೂ. 945–924. ತಹರ್ಕ, ಕ್ರಿ.ಪೂ. 690–664. ತುಂಬಾ ವರ್ಷ ಇದನ್ನು ಸುಮ್ನೆ ಓದಿಕೊಂಡು ಮುಂದೆ ಹೋಗುತ್ತಿದ್ದೆ. ಒಂದು ದಿನ ತಲೆಯಲ್ಲಿ ಹುಳ ಹೊಕ್ಕಿತು. ಆ ಕಾಲದವರು ಯಾರೂ 945 ಅಂತ ಕಲ್ಲಿನ ಮೇಲೆ ಕೆತ್ತಿಲ್ಲವಲ್ಲ, ಇದು ಬಂದದ್ದು ಎಲ್ಲಿಂದ?

ಹುಡುಕುತ್ತಾ ಹೋದಾಗ ಸಿಕ್ಕವರು ಕೆನೆತ್ ಕಿಚನ್. 1932ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹುಟ್ಟಿದವರು, ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಈಜಿಪ್ಟಿನ ಅಧ್ಯಯನವನ್ನು ಪಾಠ ಮಾಡಿದವರು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಈಜಿಪ್ಟಿನ 'ಮೂರನೇ ಮಧ್ಯಂತರ ಕಾಲ'ದ ಬಗ್ಗೆ, ಅಂದರೆ ಕ್ರಿ.ಪೂ. 1100ರಿಂದ 650ರವರೆಗಿನ ಕಾಲದ ಬಗ್ಗೆ, 1973ರಲ್ಲಿ ಅವರು ಬರೆದ ದಪ್ಪ ಪುಸ್ತಕ ಇವತ್ತಿಗೂ ಈ ವಿಷಯಕ್ಕೆ ತಳಪಾಯ. ಆ ಕಾಲ ಎಷ್ಟು ಗೋಜಲು ಅಂದರೆ, ಶೋಶೆಂಕ್ ಅನ್ನುವ ಹೆಸರಿನ ರಾಜರೇ ಐದಾರು ಜನ. ಒಸೊರ್ಕನ್, ತಕೆಲೊಟ್ ಹೆಸರುಗಳೂ ಮತ್ತೆ ಮತ್ತೆ ಬರುತ್ತವೆ. ಒಂದೇ ಹೊತ್ತಿಗೆ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಸಿಂಹಾಸನ. ಎಲ್ಲಾ ಕಡೆ ಚದುರಿದ್ದ ಶಾಸನ, ವಂಶಾವಳಿ, ಸಮಾಧಿ ಬರಹಗಳನ್ನು ಒಟ್ಟುಮಾಡಿ, ಯಾವುದು ಎಲ್ಲಿ ಕೂರುತ್ತದೆ ಅಂತ ಒಂದೊಂದಾಗಿ ತೋರಿಸಿಕೊಟ್ಟವರು ಕಿಚನ್.

ಬರೀ ಓದಿದರೆ ನನಗೆ ತೃಪ್ತಿ ಆಗಲಿಲ್ಲ. ಗ್ರಾಫ್ ಹಾಳೆಗಳನ್ನು ಅಂಟಿಸಿ ಉದ್ದದ ಪಟ್ಟಿ ಮಾಡಿಕೊಂಡೆ. ಒಂದು ಚೌಕ ಅಂದರೆ ಒಂದು ವರ್ಷ. ನಿಯಮ ಒಂದೇ: ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಬರೆಯಲಾಗದ ಸಂಖ್ಯೆಯನ್ನು ಹಾಳೆಗೆ ಇಳಿಸಬಾರದು.

ಮೊದಲ ತೊಡಕು ಬಂದದ್ದು ಇಲ್ಲಿ. ನಮ್ಮ ಐಹೊಳೆ ಶಾಸನದಲ್ಲಿ ಶಕವರ್ಷ 556 ಅಂತಿದೆ. 78 ಕೂಡಿಸಿದರೆ ಕ್ರಿ.ಶ. 634, ಮುಗೀತು. ಈಜಿಪ್ಟಿನಲ್ಲಿ ಹಾಗೆ ಓಡುವ ಶಕ ಇಲ್ಲ. ಹೊಸ ರಾಜ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು. ಹಾಗಾಗಿ ಖಚಿತವಾಗಿ ಗೊತ್ತಿರುವ ಕೊನೆಯನ್ನು ಹಿಡಿದು ಹಿಂದಕ್ಕೆ ಎಣಿಸುವುದೊಂದೇ ದಾರಿ. ಆ ಕೊನೆ ಕ್ರಿ.ಪೂ. 525. ಪರ್ಷಿಯಾದ ಕ್ಯಾಂಬಿಸಿಸ್ ಈಜಿಪ್ಟನ್ನು ಗೆದ್ದ ವರ್ಷ.

ಅದಕ್ಕೆ ಮುಂಚೆ ಆರು ತಿಂಗಳು ಮೂರನೇ ಪ್ಸಮ್ತಿಕ್. ಅವನಪ್ಪ ಅಮಾಸಿಸ್ 526ರವರೆಗೆ 44 ವರ್ಷ ಆಳಿದ. ಅವನಿಗಿಂತ ಹಿಂದೆ ಅಪ್ರಿಸ್ 19, ಎರಡನೇ ಪ್ಸಮ್ತಿಕ್ 6. ಆಮೇಲೆ ನೆಕೊ. ನೆಕೊನ 16ನೇ ವರ್ಷದ ಉಲ್ಲೇಖ ಕಂಡು ನಾನು 16 ಅಂತ ಬರೆದೆ. ಒಂದನೇ ಪ್ಸಮ್ತಿಕ್‌ನ 54 ಸೇರಿಸಿದೆ. ಬಂದದ್ದು 665. ಎಲ್ಲಾ ಪುಸ್ತಕಗಳಲ್ಲೂ 664. ಒಂದು ವರ್ಷ ಜಾಸ್ತಿ! ಎರಡು ಸಂಜೆ ಕೂತು ಕೂಡಿದ್ದನ್ನೇ ಕೂಡಿದೆ, ತಪ್ಪು ಸಿಗಲಿಲ್ಲ.

ಅದನ್ನು ಬಿಡಿಸಿದ್ದು ಒಂದು ಹೋರಿ. ಮೆಂಫಿಸ್‌ನಲ್ಲಿ ಏಪಿಸ್ ಅನ್ನುವ ಪವಿತ್ರ ಹೋರಿಯನ್ನು ಸಾಕುತ್ತಿದ್ದರು. ಅದು ಸತ್ತರೆ ಸಕ್ಕಾರದ ಸೆರಾಪಿಯಮ್ ಎಂಬ ನೆಲದಡಿಯ ಸಮಾಧಿಯಲ್ಲಿ ಹೂಳಿ, ಅದರ ಹೆಸರಲ್ಲಿ ಕಲ್ಲು ನಿಲ್ಲಿಸುತ್ತಿದ್ದರು. 1851ರಲ್ಲಿ ಒಗುಸ್ತ್ ಮಾರಿಯೆತ್ ಆ ಜಾಗವನ್ನು ಪತ್ತೆ ಮಾಡಿದರು. ಅಲ್ಲಿಯ ಒಂದು ಕಲ್ಲು ಹೀಗೆ ಹೇಳುತ್ತದೆ: ಹೋರಿ ಹುಟ್ಟಿದ್ದು ನೆಕೊನ 16ನೇ ವರ್ಷ, 2ನೇ ತಿಂಗಳು, 7ನೇ ದಿನ. ಸತ್ತದ್ದು ಅಪ್ರಿಸ್‌ನ 12ನೇ ವರ್ಷ, 8ನೇ ತಿಂಗಳು, 12ನೇ ದಿನ. ಬದುಕಿದ್ದು 17 ವರ್ಷ, 6 ತಿಂಗಳು, 5 ದಿನ.

ಪೆನ್ಸಿಲ್ ಹಿಡಿದು ಕಳೆದೆ. ದಿನ: 12ರಲ್ಲಿ 7 ಹೋದರೆ 5. ತಿಂಗಳು: 8ರಲ್ಲಿ 2 ಹೋದರೆ 6. ಎರಡೂ ಸರಿ. ಇನ್ನು ವರ್ಷ. ನೆಕೊನ 16ನೇ ವರ್ಷ ಬೇರೆ, ಎರಡನೇ ಪ್ಸಮ್ತಿಕ್‌ನ ಮೊದಲ ವರ್ಷ ಬೇರೆ ಅಂತ ಹಿಡಿದರೆ 18 ಆಗುತ್ತದೆ. ಎರಡೂ ಒಂದೇ ವರ್ಷ ಅಂದುಕೊಂಡರೆ, ಪ್ಸಮ್ತಿಕ್‌ನ 6, ಅಪ್ರಿಸ್‌ನ 11, ಒಟ್ಟು 17. ಕಲ್ಲಿನ ಮಾತು ದಿನದ ಲೆಕ್ಕಕ್ಕೂ ಕೂಡಿತು. ಅಂದರೆ ರಾಜ ಸತ್ತ ವರ್ಷವನ್ನೇ ಮುಂದಿನವನ ಮೊದಲ ವರ್ಷ ಅಂತ ಎಣಿಸುತ್ತಿದ್ದರು. ನೆಕೊನ ಪಾಲಿಗೆ ಹಾಕಬೇಕಾದ್ದು 15. ನನ್ನ 665 ಅಲ್ಲೇ 664 ಆಯಿತು. ಎರಡೂವರೆ ಸಾವಿರ ವರ್ಷದ ಹಿಂದೆ ಯಾರೋ ಅರ್ಚಕ ಶ್ರದ್ಧೆಯಿಂದ ಬರೆಸಿಟ್ಟ ಲೆಕ್ಕ ನನ್ನ ತಪ್ಪನ್ನು ತಿದ್ದಿತು. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ತಹರ್ಕನಿಗೂ ಹೋರಿಯೇ ಸಾಕ್ಷಿ. ಇನ್ನೊಂದು ಏಪಿಸ್ ಹುಟ್ಟಿದ್ದು ತಹರ್ಕನ 26ನೇ ವರ್ಷದಲ್ಲಿ, ಸತ್ತದ್ದು ಒಂದನೇ ಪ್ಸಮ್ತಿಕ್‌ನ 20ನೇ ವರ್ಷದಲ್ಲಿ. ಆಯಸ್ಸು 21 ಅಂತ ಕಲ್ಲು ಹೇಳುತ್ತದೆ. ಇಬ್ಬರು ರಾಜರ ನಡುವೆ ಖಾಲಿ ವರ್ಷ ಇಲ್ಲದಿದ್ದರೆ ಮಾತ್ರ ಇದು ಕೂಡುತ್ತದೆ. ಹಾಗೆ ತಹರ್ಕನ ಮೊದಲ ವರ್ಷ 690. ಇಲ್ಲಿಯವರೆಗೆ ಇಂಕಿನಲ್ಲಿ ಬರೆದೆ.

690ರ ಆಚೆಗೆ ಮಂಜು ಕವಿಯುತ್ತದೆ. ಕಿಚನ್ ಇಲ್ಲಿ ಇನ್ನೊಂದು ತುದಿಯಿಂದ ಬಂದರು. ಕನ್ನಡ ಬೈಬಲಿನಲ್ಲಿ ಶೀಶಕ ಅಂತ ಬರುವವನೇ ಒಂದನೇ ಶೋಶೆಂಕ್. ಯೆಹೂದದ ರೆಹಬ್ಬಾಮ ರಾಜನ 5ನೇ ವರ್ಷದಲ್ಲಿ ಅವನು ಯೆರೂಸಲೇಮಿನ ಮೇಲೆ ಏರಿ ಬಂದ ಅಂತ ಅಲ್ಲಿದೆ. ರೆಹಬ್ಬಾಮನ ಕಾಲ ಸಿಗುವುದು ಅಸ್ಸೀರಿಯಾದ ಕಡೆಯಿಂದ. ಅಸ್ಸೀರಿಯನ್ನರು ಪ್ರತಿ ವರ್ಷಕ್ಕೂ ಒಬ್ಬ ಅಧಿಕಾರಿಯ ಹೆಸರಿಟ್ಟು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಬರುವ ಒಂದು ಸೂರ್ಯಗ್ರಹಣ ಕ್ರಿ.ಪೂ. 763ರ ಜೂನ್ 15ರದ್ದು. ಅಲ್ಲಿಂದ ಎಣಿಸಿದರೆ ಇಸ್ರಾಯೇಲಿನ ರಾಜ ಅಹಾಬ ಅಸ್ಸೀರಿಯಾದ ವಿರುದ್ಧ ಕರ್ಕರ್ ಯುದ್ಧದಲ್ಲಿ ಹೋರಾಡಿದ್ದು 853. ಅಹಾಬನಿಂದ ಹಿಂದಕ್ಕೆ ರಾಜರ ಆಳ್ವಿಕೆಗಳನ್ನು ಕೂಡಿಸುತ್ತಾ ಹೋದರೆ ರೆಹಬ್ಬಾಮನ 5ನೇ ವರ್ಷ 925 ಆಗುತ್ತದೆ.

ಈಜಿಪ್ಟಿನ ಕಾರ್ನಕ್ ದೇವಾಲಯಕ್ಕೆ ಹೋದಾಗ ಶೋಶೆಂಕ್‌ನ ಆ ದಂಡಯಾತ್ರೆಯನ್ನು ಕೆತ್ತಿದ ಗೋಡೆಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಸಾಲು ಸಾಲಾಗಿ ಅಂಡಾಕಾರದ ಚೌಕಟ್ಟುಗಳು. ಪ್ರತಿಯೊಂದರೊಳಗೆ ಒಂದು ಊರಿನ ಹೆಸರು, ಮೇಲೆ ಕೈ ಕಟ್ಟಿಸಿಕೊಂಡ ಕೈದಿಯ ತಲೆ. ಅಮುನ್ ದೇವರು ಅಷ್ಟನ್ನೂ ಹಗ್ಗ ಹಿಡಿದು ಎಳೆದು ತರುತ್ತಾನೆ. ಆದರೆ ಆಳ್ವಿಕೆಯ ಎಷ್ಟನೇ ವರ್ಷ ಅನ್ನುವುದು ಅಲ್ಲಿಲ್ಲ. ಆ ಕಟ್ಟಡಕ್ಕೆ ಕಲ್ಲು ತೆಗೆಯಲು ರಾಜ ಅಪ್ಪಣೆ ಕೊಟ್ಟ ಶಾಸನ ದಕ್ಷಿಣಕ್ಕೆ ಗೆಬೆಲ್ ಸಿಲ್ಸಿಲಾದ ಕಲ್ಲುಗಣಿಯಲ್ಲಿದೆ. ಅದರಲ್ಲಿ 21ನೇ ವರ್ಷ ಅಂತಿದೆ. ಗೆದ್ದು ಬಂದ ಮೇಲಲ್ವಾ ಗೋಡೆ ಕಟ್ಟಿಸುವುದು? ಹಾಗಾಗಿ 925 ಅವನ 20ನೇ ವರ್ಷದ ಆಸುಪಾಸು. ಅದರಿಂದ ಪಟ್ಟಕ್ಕೆ ಬಂದದ್ದು 945. ಈಗ ಕೆಲವರು 943 ಅನ್ನುತ್ತಾರೆ. ನನಗೆ ಅದು ದೊಡ್ಡ ಜಗಳವಾಗಿ ಕಾಣುವುದಿಲ್ಲ.

ನಿಜವಾದ ಕಷ್ಟ 945ಕ್ಕೂ 690ಕ್ಕೂ ನಡುವೆ. ಸೆರಾಪಿಯಮ್‌ನಲ್ಲೇ ಪಾಸೆನ್ಹೋರ್ ಎಂಬವನು ಐದನೇ ಶೋಶೆಂಕ್‌ನ 37ನೇ ವರ್ಷದಲ್ಲಿ ನಿಲ್ಲಿಸಿದ ಕಲ್ಲು ಸಿಕ್ಕಿದೆ. ತನ್ನ ಅಪ್ಪ, ಅವರ ಅಪ್ಪ ಅಂತ ಹೇಳಿಕೊಂಡು ಹೋಗಿ ಎರಡನೇ ಒಸೊರ್ಕನ್, ಒಂದನೇ ತಕೆಲೊಟ್, ಒಂದನೇ ಒಸೊರ್ಕನ್, ಒಂದನೇ ಶೋಶೆಂಕ್ ದಾಟಿ ಲಿಬಿಯಾದ ಮೂಲಪುರುಷನವರೆಗೆ ಮುಟ್ಟುತ್ತಾನೆ. ಯಾರ ಹಿಂದೆ ಯಾರು ಅನ್ನುವುದು ಇದರಿಂದ ಸಿಗುತ್ತದೆ. ಯಾರು ಎಷ್ಟು ವರ್ಷ ಅನ್ನುವುದು ಸಿಗುವುದಿಲ್ಲ.

ಇಲ್ಲಿ ಕಿಚನ್ ಹಾಕಿದ ಕೆಲವು ಗೆರೆಗಳನ್ನು ನಾನು ಅಳಿಸಿದ್ದೇನೆ. ಎರಡನೇ ತಕೆಲೊಟ್‌ನ 25 ವರ್ಷಗಳನ್ನು ಅವರು ಮುಖ್ಯ ಸಾಲಿನಲ್ಲಿ ಸೇರಿಸಿದ್ದರು. ಅವನು ದಕ್ಷಿಣದ ಥೀಬ್ಸ್ ನಗರದಲ್ಲಿ ಪ್ರತ್ಯೇಕವಾಗಿ ಆಳಿದವನು ಅಂತ ಡೇವಿಡ್ ಆಸ್ಟನ್ 1989ರಲ್ಲಿ ವಾದಿಸಿದರು. ಕಿಚನ್ ಒಪ್ಪಲಿಲ್ಲ. ನನಗೆ ಆಸ್ಟನ್ ವಾದವೇ ಸರಿ ಅನ್ನಿಸಿತು, ಆ 25 ಚೌಕಗಳನ್ನು ಕೆಳಗಿನ ಸಾಲಿಗೆ ಇಳಿಸಿದೆ. ತಹರ್ಕನಿಗಿಂತ ಮುಂಚಿನ ರಾಜ ಶೆಬಿಟ್ಕು ಪಟ್ಟಕ್ಕೆ ಬಂದದ್ದು 702ರ ಸುಮಾರಿಗೆ ಅಂತ ಕಿಚನ್ ಹಾಕಿದ್ದರು. ಇರಾನಿನ ತಂಗಿ ವಾರ್ ಕಣಿವೆಯ ಬಂಡೆಯಲ್ಲಿ ಅಸ್ಸೀರಿಯಾದ ಸಾರ್ಗೋನ್ ಕೆತ್ತಿಸಿದ ಶಾಸನ 1999ರಲ್ಲಿ ಪ್ರಕಟವಾಯಿತು. 706ರ ಹೊತ್ತಿಗೇ ಶೆಬಿಟ್ಕು ರಾಜನಾಗಿದ್ದ ಅಂತ ಅದು ತೋರಿಸುತ್ತದೆ. ಈ ತಿದ್ದುಪಡಿಗಳನ್ನು ಮಾಡಲು ಆದದ್ದೂ ಕಿಚನ್‌ರಿಂದಲೇ. ಪ್ರತಿ ಸಂಖ್ಯೆಗೂ ಆಧಾರ ಯಾವುದು ಅಂತ ಅವರು ಬಿಚ್ಚಿಟ್ಟಿದ್ದಾರೆ. ಹಾಗಾಗಿ ಎಲ್ಲಿ ಕಳಚಬೇಕು ಅನ್ನುವುದು ಗೊತ್ತಾಗುತ್ತದೆ.

ಈಗ ನಾನು ಕೂತಿರುವುದು ಒಂದನೇ ಒಸೊರ್ಕನ್ ಮುಂದೆ. ಮನೆಥೋ ಎಂಬ ಈಜಿಪ್ಟಿನ ಅರ್ಚಕ ಕ್ರಿ.ಪೂ. 3ನೇ ಶತಮಾನದಲ್ಲಿ ಮಾಡಿದ ರಾಜರ ಪಟ್ಟಿಯಲ್ಲಿ ಅವನಿಗೆ 15 ವರ್ಷ. ಕಿಚನ್ ಕೊಟ್ಟದ್ದು 35. ಅವರ ಆಧಾರ ಥೀಬ್ಸ್‌ನ ರಾಮೆಸಿಯಮ್ ದೇವಾಲಯದಲ್ಲಿ ಸಿಕ್ಕ ನಖ್ತೆಫ್ಮುತ್ ಎಂಬವನ ಮಮ್ಮಿ. ಅದರ ಮೇಲೆ ಒಸೊರ್ಕನ್ ಹೆಸರಿದೆ, ಸುತ್ತಿದ ಬಟ್ಟೆಯ ಒಂದು ಪಟ್ಟಿಯಲ್ಲಿ 33ನೇ ವರ್ಷ, ಇನ್ನೊಂದರಲ್ಲಿ 3ನೇ ವರ್ಷ ಅಂತ ಬರೆದಿದೆ. ಆ 33 ಒಸೊರ್ಕನ್‌ನದೇ ಅಂತ ಬಟ್ಟೆ ತಾನಾಗಿ ಹೇಳುವುದಿಲ್ಲ. ಹಾಳೆಯಲ್ಲಿ ಮೊದಲ 15 ಚೌಕಕ್ಕೆ ಬಣ್ಣ ತುಂಬಿದ್ದೇನೆ. ಉಳಿದ 20 ಪೆನ್ಸಿಲ್ಲಿನಲ್ಲೇ ಇವೆ.